ಮಿಕ್ಸ್ ಬೇರೆಯೋ, ಮಾಸ್ಟರಿಂಗ್ ಬೇರೆಯೋ?

ಪ್ರಶ್ನೆ: ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ 1971ರ ಆಲ್ಬಂ ‘ವಾಟ್ಸ್ ಗೋಯಿಂಗ್ ಆನ್’ನ ಹಳೆಯ ಎಲ್‌ಪಿಯೂ 2001ರ ಡೀಲಕ್ಸ್ ಸೀಡಿಯೂ ನನ್ನ ಬಳಿ ಇವೆ. ಸೀಡಿಯಲ್ಲಿ ಅದೇ ಹಾಡುಗಳು ಎರಡು ಸಲ ಬರುತ್ತವೆ, ಕೇಳಲು ಬೇರೆ ಬೇರೆ. ಏಕೆ? ಹೋಲಿಸುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಒಂದು, ಲಾಸ್ ಏಂಜಲೀಸ್‌ನಲ್ಲಿ ಮಾಡಿ ಆಗ ಬಿಡುಗಡೆಯಾದ ಮಿಕ್ಸ್ (ಬೇರೆ ಬೇರೆ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಕೂಡಿಸಿದ್ದು). ಇನ್ನೊಂದು, ಅದಕ್ಕೂ ಮೊದಲಿನ ಡೆಟ್ರಾಯಿಟ್ ಮಿಕ್ಸ್. ಎರಡನ್ನೂ ಆಡಾಸಿಟಿ ಎಂಬ ಸದ್ದು ತಿದ್ದುವ ಕಂಪ್ಯೂಟರ್ ತಂತ್ರಾಂಶಕ್ಕೆ ಹಾಕಿ, ಮೊದಲು ಸದ್ದಿನ ಮಟ್ಟ ಸರಿಸಮ ಮಾಡಿ. ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನೇ ‘ಚೆಂದ’ ಅನ್ನುತ್ತದೆ. ಪೀಕ್ (ಕ್ಷಣಮಾತ್ರದ ಗರಿಷ್ಠ ಮಟ್ಟ) ನೋಡಿ ಹೊಂದಿಸಬೇಡಿ, ಆರ್‌ಎಂಎಸ್ (ಒಂದು ಬಗೆಯ ಸರಾಸರಿ ಮಟ್ಟ) ನೋಡಿ.

ಆಮೇಲೆ ಹೆಡ್‌ಫೋನ್ ಹಾಕಿ ಮೂವತ್ತು ಸೆಕೆಂಡಿನ ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಿ. ಯಾವ ವಾದ್ಯ ಎಡಕ್ಕಿದೆ, ದನಿಯ ಹಿಂದೆ ಗುಂಯ್ ಎನ್ನುವ ಪ್ರತಿಧ್ವನಿ ಎಷ್ಟಿದೆ, ಹಾಡು ಯಾವ ಸೆಕೆಂಡಿಗೆ ಕರಗುತ್ತದೆ ಎಂದು ಬರೆದಿಡಿ. ಡ್ರಮ್ಮಿಗಿಂತ ದನಿಯಷ್ಟೇ ಮುಂದೆ ಬಂದಿದ್ದರೆ ಮಿಕ್ಸೇ ಬೇರೆ. ಒಟ್ಟಾರೆ ಬೇಸ್, ಟ್ರೆಬಲ್ ಮಾತ್ರ ಬದಲಾಗಿದ್ದರೆ ಬಹುತೇಕ ಮಾಸ್ಟರಿಂಗ್ (ಮಿಕ್ಸ್ ಆದ ಮೇಲೆ ಒಟ್ಟು ಸದ್ದನ್ನು ತಿದ್ದುವ ಕೊನೆಯ ಹಂತ) ಬೇರೆ. ಎಡಬಲ ಪೂರ್ತಿ ಅದಲುಬದಲಾಗಿದ್ದರೆ ಮೋಸಹೋಗಬೇಡಿ, ಚಾನೆಲ್ ತಿರುಗಿಸಿ ಇನ್ನೊಮ್ಮೆ ಕೇಳಿ.

ಒಂದರ ಅಲೆಯನ್ನು ತಲೆಕೆಳಗು (ಇನ್‌ವರ್ಟ್) ಮಾಡಿ ಇನ್ನೊಂದಕ್ಕೆ ಕೂಡಿಸಿ, ಒಂದೇ ಆಗಿದ್ದರೆ ಸದ್ದು ಅಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಎಲ್‌ಪಿಗೆ ಒಗ್ಗದು. ಟರ್ನ್‌ಟೇಬಲ್ಲಿನ ವೇಗ ಚೂರು ಅಲುಗಿದರೂ ಸದ್ದು ಅಳಿಯುವುದಿಲ್ಲ. ನಿಮ್ಮಲ್ಲಿಯ ಮಳೆಗಾಲದ ಥಂಡಿಗೆ ತಟ್ಟೆಗೆ ಬೂಷ್ಟು ಹಿಡಿದಿದ್ದರೆ, ರೆಕಾರ್ಡ್ ಮಾಡುವ ಮೊದಲೇ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿದ ಮೆತ್ತನೆ ಬಟ್ಟೆಯಿಂದ ಗೆರೆಗಳ ಗುಂಟ ಒರೆಸಿ. ಅಡ್ಡ ಒರೆಸಿದರೆ ಗೀರು ಬೀಳುತ್ತದೆ.