ಪಾಕೆಟ್ ಬೈಕಿನ 49 ಸಿಸಿ ಟೂ-ಸ್ಟ್ರೋಕ್ ಎಂಜಿನ್‌ಗೆ ದೊಡ್ಡ ಕಾರ್ಬ್ಯುರೇಟರ್, ಹೊಸ ಪೈಪ್ ಹಾಕಿದ ಮೇಲೆ ಪಿಕಪ್ ಏಕೆ ಸತ್ತಿತು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನಿಮ್ಮ ಪಾಕೆಟ್ ಬೈಕಿನಲ್ಲಿ (ಮೊಣಕಾಲೆತ್ತರದ ಪುಟ್ಟ ರೇಸ್ ಬೈಕಿನಲ್ಲಿ) ಮೂಲದ 15 ಮಿ.ಮೀ. ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ತೆಗೆದು 19 ಮಿ.ಮೀ.ನದ್ದನ್ನು ಹಾಕಿದ್ದೀರಿ, ಹಳೆಯ ಸೈಲೆನ್ಸರ್ ಇದ್ದ ಜಾಗದಲ್ಲಿ ಎಕ್ಸ್‌ಪಾನ್ಷನ್ ಚೇಂಬರ್, ಅಂದರೆ ನಡುವೆ ಉಬ್ಬಿದ ಹೊಗೆ ಪೈಪ್ ಕೂರಿಸಿದ್ದೀರಿ. ಈಗ ನಿಂತಲ್ಲಿಂದ ಹೊರಡುವಾಗ ಎಂಜಿನ್ ಉಸಿರು ಕಟ್ಟಿದಂತೆ ಮುಕ್ಕರಿಸುತ್ತದೆ, ಗರಿಷ್ಠ ವೇಗವೂ ಹೇಳಿಕೊಳ್ಳುವಷ್ಟು ಏರಿಲ್ಲ. ಹಾಗಾಗಿ ಸಿಲಿಂಡರಿನ ಪೋರ್ಟ್‌ಗಳನ್ನು (ಮಿಶ್ರಣ ಒಳಬರುವ, ಹೊಗೆ ಹೊರಹೋಗುವ ಕಿಂಡಿಗಳನ್ನು) ಉಜ್ಜಿ ದೊಡ್ಡದು ಮಾಡಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಸಿಲಿಂಡರನ್ನು ಮುಟ್ಟಬೇಡಿ. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಎಂಜಿನ್‌ಗೆ ಶಕ್ತಿ ಕಡಿಮೆಯಾಗಿಲ್ಲ. ಅದರ ಭಾಗಗಳು ಬೇರೆ ಬೇರೆ ಆರ್‌ಪಿಎಂನಲ್ಲಿ (ನಿಮಿಷಕ್ಕೆ ತಿರುಗುವ ಸುತ್ತುಗಳಲ್ಲಿ) ಕೆಲಸ ಮಾಡಲು ಹವಣಿಸುತ್ತಿವೆ.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೋರ್ಟ್, ಪೈಪ್, ಕಾರ್ಬ್ಯುರೇಟರ್, ಕ್ಲಚ್ ಈ ನಾಲ್ಕಕ್ಕೂ ತಮಗೆ ಹಿತವಾದ ಒಂದೊಂದು ಆರ್‌ಪಿಎಂ ವ್ಯಾಪ್ತಿ ಇರುತ್ತದೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ನಾಲ್ಕೂ ಸಾಧಾರಣವಾಗಿದ್ದರೂ ಪರಸ್ಪರ ಹೊಂದಿಕೊಂಡಿರುತ್ತವೆ. ಅವುಗಳಲ್ಲಿ ಎರಡನ್ನು ಮೇಲಿನ ವ್ಯಾಪ್ತಿಗೆ ಏರಿಸಿ ಉಳಿದೆರಡನ್ನು ಕೆಳಗೇ ಬಿಟ್ಟರೆ, ಬಿಡಿಭಾಗಗಳಿಗೆ ಎಷ್ಟೇ ಖರ್ಚು ಮಾಡಿದ್ದರೂ ಬೈಕು ಮೊದಲಿಗಿಂತ ಮಂದವಾಗುತ್ತದೆ.

ಕಾರ್ಬ್ಯುರೇಟರಿನಿಂದ ಆರಂಭಿಸೋಣ. 15 ಮಿ.ಮೀ. ರಂಧ್ರಕ್ಕೆ ಹೋಲಿಸಿದರೆ 19 ಮಿ.ಮೀ. ರಂಧ್ರದ ವಿಸ್ತೀರ್ಣ ಸುಮಾರು ಶೇ. 60ರಷ್ಟು ಹೆಚ್ಚು. ಎಂಜಿನ್ ನಿಧಾನವಾಗಿ ತಿರುಗುವಾಗ ಅದೇ ಪ್ರಮಾಣದ ಗಾಳಿ ಅಷ್ಟು ಅಗಲದ ದಾರಿಯಲ್ಲಿ ಸೋಮಾರಿಯಾಗಿ ಹರಿಯುವುದರಿಂದ, ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲನ್ನು ಎಳೆಯುವ ಸೆಳೆತ ಕುಗ್ಗುತ್ತದೆ ಮತ್ತು ಎಳೆದ ಪೆಟ್ರೋಲೂ ನುಣ್ಣಗೆ ಹರಡದೆ ಹನಿಹನಿಯಾಗಿ ಒಳಹೋಗುತ್ತದೆ. ಥ್ರಾಟಲನ್ನು ಒಮ್ಮೆಲೇ ತಿರುಚಿದಾಗ ಬರುವ ಮುಕ್ಕರಿಕೆಯ ಅರ್ಧ ಕಾರಣ ಇಲ್ಲಿದೆ. 19 ಮಿ.ಮೀ. ತಪ್ಪು ಆಯ್ಕೆಯೆಂದು ನಾನು ಹೇಳುವುದಿಲ್ಲ. ಎಂಜಿನ್ 9000 ಆರ್‌ಪಿಎಂ ದಾಟಿ ದುಡಿಯುವಂತಿದ್ದರೆ ಮಾತ್ರ ಅದು ಸಾರ್ಥಕ.

ಜೆಟ್ ಬದಲಾಯಿಸುವ ಮೊದಲು ಗಾಳಿ ಸೋರಿಕೆಯನ್ನು ಪರೀಕ್ಷಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಪೆದ್ದುತನ. ನನ್ನ ಮೊದಲ ಎಂಜಿನ್‌ನಲ್ಲಿ ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಕೆಲವು ಕ್ಷಣ ಇಳಿಯದೆ ಮೇಲೆಯೇ ನಿಲ್ಲುತ್ತಿತ್ತು. ನಾನು ಅದನ್ನು ಟ್ಯೂನಿಂಗ್ ಫಲಿಸಿದ ಗುರುತೆಂದು ಹಿಗ್ಗಿದೆ. ನಿಜವಾಗಿ ಕ್ರ್ಯಾಂಕ್‌ನ (ಪಿಸ್ಟನ್ ಚಲನೆಯಿಂದ ತಿರುಗುವ ದಂಡದ) ಒಂದು ಬದಿಯ ಆಯಿಲ್ ಸೀಲ್ ಹರಿದು, ಅಲ್ಲಿಂದ ಒಳನುಗ್ಗಿದ ಗಾಳಿ ಮಿಶ್ರಣವನ್ನು ತೆಳುವಾಗಿಸುತ್ತಿತ್ತು, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತಿತ್ತು. ಎರಡನೆಯ ವಾರ ಪೂರ್ಣ ಥ್ರಾಟಲ್‌ನಲ್ಲಿ ಪಿಸ್ಟನ್ ಸೀಜ್ ಆಯಿತು. ಅದರ ಎಕ್ಸಾಸ್ಟ್ ಬದಿಯ ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗೋಡೆಗೆ ಬಳಿದುಕೊಂಡಿತ್ತು. ಪರೀಕ್ಷೆ ಸರಳ: ಕಾರ್ಬ್ಯುರೇಟರ್ ಕಡೆಯ ದಾರಿಯನ್ನೂ ಎಕ್ಸಾಸ್ಟ್ ಪೋರ್ಟನ್ನೂ ರಬ್ಬರ್ ತುಂಡಿನಿಂದ ಬಿಗಿಯಾಗಿ ಮುಚ್ಚಿ, ಒಳಗೆ ಸುಮಾರು 6 ಪಿಎಸ್‌ಐ ಒತ್ತಡ ತುಂಬಿ, ಕೆಲವು ನಿಮಿಷ ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆಯೇ ನೋಡಬೇಕು. ಇಳಿದರೆ ಸೀಲ್, ಗ್ಯಾಸ್ಕೆಟ್ ಮತ್ತು ಇನ್‌ಟೇಕ್ ಜೋಡಣೆಯ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ.

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಮೇನ್ ಜೆಟ್‌ನ (ಪೂರ್ಣ ಥ್ರಾಟಲ್‌ನಲ್ಲಿ ಪೆಟ್ರೋಲ್ ಕೊಡುವ ಜೆಟ್‌ನ) ಕೆಲಸ. ಬೇಕೆನಿಸುವುದಕ್ಕಿಂತ ದೊಡ್ಡ ಜೆಟ್‌ನಿಂದ ಆರಂಭಿಸಿ ಒಂದೊಂದೇ ಅಳತೆ ಕೆಳಗಿಳಿಯಬೇಕು. ಚಿಕ್ಕದರಿಂದ ಮೇಲೇರುವ ದಾರಿಯಲ್ಲಿ ಪಿಸ್ಟನ್ ಬಲಿಯಾಗುತ್ತದೆ. ಮಿಶ್ರಣ ಗಟ್ಟಿಯಾಗಿದ್ದಾಗ ಎಂಜಿನ್ ಪೂರ್ಣ ಥ್ರಾಟಲ್‌ನಲ್ಲಿ ಒಂದು ಬಿಟ್ಟು ಒಂದು ಸುತ್ತಿಗೆ ಉರಿದಂತೆ ಗದ್ಗದಿಸುತ್ತದೆ. ಆ ಗದ್ಗದ ಕಳೆದು ದನಿ ಸ್ವಚ್ಛವಾದ ಅಳತೆಯಲ್ಲಿ ನಿಲ್ಲಿ, ಇನ್ನೊಂದು ಇಳಿಸುವ ಆಸೆಗೆ ಬೀಳಬೇಡಿ. ಬಳಿಕ ಒಂದು ದೀರ್ಘ ಓಟದ ಕೊನೆಯಲ್ಲಿ ಥ್ರಾಟಲ್ ತೆರೆದಿರುವಾಗಲೇ ಕಿಲ್ ಸ್ವಿಚ್ ಒತ್ತಿ, ಪ್ಲಗ್ ಬಿಚ್ಚಿ ನೋಡಿ: ತಿಳಿಗಂದು ಬಣ್ಣ ಒಳ್ಳೆಯದು, ಬಿಳುಪು ಅಪಾಯದ ಸೂಚನೆ. ಪೆಟ್ರೋಲಿಗೆ ಬೆರೆಸುವ ಆಯಿಲ್ ಪ್ರಮಾಣವನ್ನು ಮಾತ್ರ ನಡುವೆ ಬದಲಿಸಬಾರದು. 25:1 ಎಂದರೆ ಲೀಟರಿಗೆ 40 ಮಿ.ಲೀ., 32:1 ಎಂದರೆ ಸುಮಾರು 31 ಮಿ.ಲೀ. ಆಯಿಲ್ ಹೆಚ್ಚಿಸಿದರೆ ಅದೇ ಜೆಟ್ ಮೂಲಕ ಹೋಗುವ ಪೆಟ್ರೋಲ್ ಅಷ್ಟರ ಮಟ್ಟಿಗೆ ಕಡಿಮೆಯಾಗುವುದರಿಂದ, ರಕ್ಷಣೆಗೆಂದು ಆಯಿಲ್ ಸುರಿದವರು ತಿಳಿಯದೆಯೇ ಮಿಶ್ರಣವನ್ನು ತೆಳು ಮಾಡಿರುತ್ತಾರೆ.

ಈಗ ನಿಮ್ಮ ಮುಖ್ಯ ತೊಂದರೆಗೆ ಬರುತ್ತೇನೆ. ಅದು ಕ್ಲಚ್‌ನಲ್ಲಿದೆ ಎಂಬುದು ನನ್ನ ಬಲವಾದ ಅನುಮಾನ. ಈ ಬೈಕುಗಳ ಸೆಂಟ್ರಿಫ್ಯೂಗಲ್ ಕ್ಲಚ್‌ನಲ್ಲಿ ಸ್ಪ್ರಿಂಗ್‌ಗಳು ಶೂಗಳನ್ನು ಒಳಕ್ಕೆ ಹಿಡಿದಿರುತ್ತವೆ. ಆರ್‌ಪಿಎಂ ಏರಿದಂತೆ ಶೂಗಳು ಹೊರಚಾಚಿ ಡ್ರಮ್ಮನ್ನು ಕಚ್ಚುತ್ತವೆ. ನಿಮ್ಮ ಕ್ಲಚ್ 3500ರ ಸುಮಾರಿಗೆ ಕಚ್ಚಿ, ಹೊಸ ಪೈಪ್ ಶಕ್ತಿ ಕೊಡಲು ಆರಂಭಿಸುವುದು 6500ರಿಂದ ಎಂದಿಟ್ಟುಕೊಳ್ಳಿ. ನಡುವಿನ 3000 ಆರ್‌ಪಿಎಂ ದೂರವನ್ನು ಎಂಜಿನ್ ಸವಾರನ ಪೂರ್ತಿ ಭಾರ ಹೊತ್ತು, ಪೈಪಿನ ನೆರವಿಲ್ಲದೆ, ತೆವಳಿಕೊಂಡು ದಾಟಬೇಕಾಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ ಕಚ್ಚುವ ಹಂತವನ್ನು ಮೇಲೇರಿಸುವುದೇ ಪರಿಹಾರ. ಆದರೆ ಶೂಗಳನ್ನು ಹೊರತಳ್ಳುವ ಬಲ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 3500ರಿಂದ 5500ಕ್ಕೆ ಹೋಗಬೇಕಾದರೆ ಸ್ಪ್ರಿಂಗಿನ ಹಿಡಿತ ಸುಮಾರು ಎರಡೂವರೆ ಪಟ್ಟು ಇರಬೇಕು. ಸ್ಪ್ರಿಂಗನ್ನು ಒಂದು ಸುತ್ತು ಕತ್ತರಿಸಿ ಹಾಕಿದರೆ ಸಾಕೆನ್ನುವ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ಇಷ್ಟು ಅಂತರವನ್ನು ತುಂಬಲಾರದು. ಅತಿ ಗಟ್ಟಿಯಾದರೆ ಕ್ಲಚ್ ಬಹಳ ಹೊತ್ತು ಜಾರಿ ಡ್ರಮ್ ಬಿಸಿಯಿಂದ ನೀಲಿಗಟ್ಟುತ್ತದೆ, ಹಾಗಾಗಿ ಹಂತಹಂತವಾಗಿ ಏರಿಸಿ.

ಗೇರಿಂಗ್ ಸರಳ ಲೆಕ್ಕ. 110/50-6.5 ಟೈರಿನ ಸುತ್ತಳತೆ ಸುಮಾರು 0.86 ಮೀಟರ್. ಮುಂದೆ 7, ಹಿಂದೆ 54 ಹಲ್ಲಿನ ಸ್ಪ್ರಾಕೆಟ್ ಇದ್ದರೆ 9000 ಆರ್‌ಪಿಎಂನಲ್ಲಿ ಗಂಟೆಗೆ 60 ಕಿ.ಮೀ. ಬರುತ್ತದೆ, ಮುಂದಿನದನ್ನು 6 ಹಲ್ಲಿಗೆ ಇಳಿಸಿದರೆ 52ರ ಆಸುಪಾಸು, ಪಿಕಪ್ ಮಾತ್ರ ಎದ್ದು ಕಾಣುವಷ್ಟು ಚುರುಕು. ಗರಿಷ್ಠ ವೇಗದ ಆಸೆಯಿಂದ ಮುಂದೆ ದೊಡ್ಡ ಸ್ಪ್ರಾಕೆಟ್ ಹಾಕುವವರ ಎಂಜಿನ್ ಪೈಪಿನ ವ್ಯಾಪ್ತಿಯನ್ನು ತಲುಪುವುದೇ ಇಲ್ಲ, ವೇಗವೂ ಸಿಗುವುದಿಲ್ಲ.

ಪೈಪಿನ ವಿಷಯ ನನಗೆ ಅತ್ಯಂತ ಪ್ರಿಯವಾದದ್ದು. ಎಕ್ಸಾಸ್ಟ್ ಪೋರ್ಟ್ ತೆರೆದಾಗ ಹೊರಟ ಒತ್ತಡದ ಅಲೆ ಅಗಲವಾಗುತ್ತ ಹೋಗುವ ಶಂಕುವಿನಲ್ಲಿ ಸಾಗುವಾಗ ಸಿಲಿಂಡರಿನ ಕಡೆಗೆ ಸೆಳೆತವನ್ನು ಕಳುಹಿಸುತ್ತದೆ; ಕಿರಿದಾಗುವ ಶಂಕುವಿಗೆ ಬಡಿದು ಒತ್ತಡವಾಗಿಯೇ ಮರಳಿ, ಪೋರ್ಟ್ ಮುಚ್ಚುವ ಮುನ್ನ ಹೊರಚೆಲ್ಲಿದ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ (MZ) ಮೋಟಾರ್‌ಸೈಕಲ್ ಸಂಸ್ಥೆಯಲ್ಲಿ ಎಂಜಿನಿಯರ್ ವಾಲ್ಟರ್ ಕಾಡೆನ್ ಈ ತತ್ತ್ವವನ್ನು ಪಳಗಿಸಿದರು. 1961ರಲ್ಲಿ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ, ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದುಕೊಟ್ಟರು. ನಮ್ಮ ಎಂಜಿನ್‌ಗಳ ಗಾತ್ರವೇ ಅದು ಎಂಬುದು ನನಗೆ ಇಂದಿಗೂ ಖುಷಿಯ ಸಂಗತಿ.

ಅಲೆ ಹೋಗಿ ಬರುವ ಸಮಯ ಪೈಪಿನ ಉದ್ದವನ್ನು ಅವಲಂಬಿಸಿದೆ. ಎಕ್ಸಾಸ್ಟ್ ಪೋರ್ಟ್ ಕ್ರ್ಯಾಂಕ್‌ನ ಒಂದು ಸುತ್ತಿನಲ್ಲಿ (360 ಡಿಗ್ರಿ) 170 ಡಿಗ್ರಿಯಷ್ಟು ತೆರೆದಿದ್ದರೆ 9000 ಆರ್‌ಪಿಎಂನಲ್ಲಿ ಸಿಗುವ ಸಮಯ ಸುಮಾರು 3.15 ಮಿಲಿಸೆಕೆಂಡ್, ಬಿಸಿ ಅನಿಲದಲ್ಲಿ ಶಬ್ದದ ವೇಗವನ್ನು ಸೆಕೆಂಡಿಗೆ 500 ಮೀಟರ್ ಎಂದು ಹಿಡಿದರೆ, ಪಿಸ್ಟನ್ ಮುಖದಿಂದ ಹಿಂದಿನ ಶಂಕುವಿನವರೆಗೆ ಸುಮಾರು 79 ಸೆಂ.ಮೀ. ಬೇಕು. ಪಾಕೆಟ್ ಬೈಕಿನ ಕೆಳಗೆ ಹಿಡಿಸಲೆಂದು ತಯಾರಾದ ಅಗ್ಗದ ಪೈಪ್‌ಗಳಲ್ಲಿ ಅನೇಕವು ಇದಕ್ಕಿಂತ ಬಹಳ ಗಿಡ್ಡ, ಅಂದರೆ ಈ ಎಂಜಿನ್ ಎಂದೂ ಮುಟ್ಟದ ಆರ್‌ಪಿಎಂಗೆ ಹೊಂದುವಂಥವು. ನಿಮ್ಮ ಪೈಪನ್ನು ಅಳೆಯಿರಿ. ಗಿಡ್ಡವಾಗಿದ್ದರೆ ಆರಂಭದ ಕೊಳವೆಯನ್ನು ಉದ್ದ ಮಾಡಿಸಿ. ಕ್ಲಚ್ ಸ್ಪ್ರಿಂಗಿನ ಜೊತೆಗೆ ಈ ಒಂದು ಬದಲಾವಣೆಯೇ ನಿಮ್ಮ ಬೈಕಿನ ಸ್ವಭಾವವನ್ನು ಬದಲಿಸಬಹುದು.

ಇಷ್ಟೆಲ್ಲ ಹೊಂದಿದ ಮೇಲೂ ತೃಪ್ತಿಯಾಗದಿದ್ದರೆ ಆಗ ಪೋರ್ಟ್. ಮೊದಲು ಡಿಗ್ರಿ ಚಕ್ರವನ್ನು ಕ್ರ್ಯಾಂಕ್‌ಗೆ ಕಟ್ಟಿ ಪೋರ್ಟ್ ಈಗ ಎಷ್ಟು ಡಿಗ್ರಿ ತೆರೆದಿರುತ್ತದೆ ಎಂದು ಬರೆದುಕೊಳ್ಳಿ. 32 ಮಿ.ಮೀ. ಸ್ಟ್ರೋಕ್ ಇರುವ ಎಂಜಿನ್‌ನಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿ.ಮೀ. ಎತ್ತರಿಸಿದರೆ ಅವಧಿ ಸುಮಾರು 8 ಡಿಗ್ರಿ ಹೆಚ್ಚುತ್ತದೆ, ಆದ್ದರಿಂದ ಒಮ್ಮೆಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ತೆಗೆಯಬೇಡಿ. ಪೋರ್ಟ್ ತೀರಾ ಅಗಲವಾದರೆ ರಿಂಗ್ ಅದರೊಳಗೆ ಉಬ್ಬಿ ಮುರಿಯುತ್ತದೆ. ಈ ಸಿಲಿಂಡರ್‌ಗಳಲ್ಲಿ ಅನೇಕಕ್ಕೆ ಕ್ರೋಮ್ ಲೇಪನ ಇರುವುದರಿಂದ, ಅರವನ್ನು ಒಳಗೋಡೆಯಿಂದ ಪೋರ್ಟಿನೊಳಕ್ಕೆ ಚಲಿಸಬೇಕೇ ಹೊರತು ತಿರುಗುಮುರುಗಾಗಿ ಎಳೆಯಬಾರದು. ಎಳೆದರೆ ಲೇಪನ ಎದ್ದುಬರುತ್ತದೆ. ಕೊನೆಯಲ್ಲಿ ಅಂಚನ್ನು ನವಿರಾಗಿ ಓರೆ ಮಾಡಲು ಮರೆಯಬೇಡಿ.

ಕಂಪ್ರೆಷನ್ ಹೆಚ್ಚಿಸಲು ಸಿಲಿಂಡರಿನ ತಳದ ಗ್ಯಾಸ್ಕೆಟ್ ತೆಗೆಯುವುದು ಸುಲಭದ ಉಪಾಯವಾಗಿ ಕಾಣುತ್ತದೆ, ಆದರೆ ಇಡೀ ಸಿಲಿಂಡರ್ ಕೆಳಗಿಳಿದು ಪೋರ್ಟ್‌ಗಳ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಪ್ಲಗ್ ರಂಧ್ರದಿಂದ ಬೆಸುಗೆಯ ತಂತಿಯನ್ನು ಸಿಲಿಂಡರ್ ಗೋಡೆಗೆ ತಾಗುವಂತೆ ತೂರಿಸಿ, ಪಿಸ್ಟನ್ನನ್ನು ಮೇಲಿನ ತುದಿ ದಾಟಿಸಿ, ಜಜ್ಜಿದ ತುದಿಯ ದಪ್ಪ ಅಳೆಯಿರಿ; ಪಿಸ್ಟನ್ ಮತ್ತು ಹೆಡ್ ನಡುವಿನ ಅಂತರ ಅದೇ. ಅದು 0.8 ಮಿ.ಮೀ. ಸುಮಾರಿಗೆ ಇದ್ದರೆ ಹಾಗೆಯೇ ಬಿಡಿ.

ಆರ್‌ಪಿಎಂ 8000ದಿಂದ 11000ಕ್ಕೆ ಏರಿದರೆ ಕನೆಕ್ಟಿಂಗ್ ರಾಡ್ ಮತ್ತು ಅದರ ಬೇರಿಂಗ್ ಮೇಲೆ ಬೀಳುವ ಜಡತ್ವದ ಹೊರೆ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಆದ್ದರಿಂದ ಮೂಲ ಕ್ರ್ಯಾಂಕ್‌ನಲ್ಲಿ ನಾನು 10000ಕ್ಕೇ ಗೆರೆ ಎಳೆದಿದ್ದೇನೆ. ಬ್ರೇಕ್ ಪ್ಯಾಡ್, ಚಕ್ರದ ಬೇರಿಂಗ್, ಥ್ರಾಟಲ್ ತಾನಾಗಿಯೇ ಹಿಂದಿರುಗುತ್ತದೆಯೇ ಎಂಬುದನ್ನು ಪ್ರತಿ ಓಟಕ್ಕೂ ಮುನ್ನ ನೋಡುತ್ತೇನೆ, ವಾಹನ ಸಂಚಾರವಿಲ್ಲದ ಮುಚ್ಚಿದ ಜಾಗದಲ್ಲಿ ಮಾತ್ರ ಓಡಿಸುತ್ತೇನೆ.

ನಿಮ್ಮ ಪೈಪಿನ ಉದ್ದ, ಎಕ್ಸಾಸ್ಟ್ ಪೋರ್ಟಿನ ಡಿಗ್ರಿ, ಎರಡೂ ಸ್ಪ್ರಾಕೆಟ್‌ಗಳ ಹಲ್ಲುಗಳು ಮತ್ತು ಕ್ಲಚ್ ಕಚ್ಚುವ ಆರ್‌ಪಿಎಂ ಇಷ್ಟನ್ನು ಅಳೆದು ಇಲ್ಲಿ ಬರೆದರೆ, ಮೊದಲು ಯಾವುದನ್ನು ಬದಲಿಸಬೇಕೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.