ಬೀಡಿ, ಸಿಗರೇಟು ಸೇದುವ ಸ್ವಾತಂತ್ರ್ಯಕ್ಕೆ ಸರಕಾರ ಕಡಿವಾಣ ಹಾಕಬೇಕೇ?

ಸೇದುವುದನ್ನೇ ನಿಷೇಧಿಸಿ ಅನ್ನಲಾರೆ. ಎಲ್ಲಿ ಸೇದಬೇಕೆಂಬುದಕ್ಕೆ ಕಡಿವಾಣ ಬೇಕೇ ಬೇಕು. ಕುಂಬಳೆ ಪೇಟೆಯಲ್ಲಿ ಬಸ್ಸಿಗೆ ಕಾಯುವವರ ನಡುವೆ ಒಬ್ಬರು ಬೀಡಿ ಹಚ್ಚಿದರೆ ಹೊಗೆ ಪಕ್ಕದ ಮಗುವಿನ ಎದೆಗೂ ಇಳಿಯುತ್ತದೆ. ಆ ಮಗುವನ್ನು ಯಾರು ಕೇಳಿದರು?

ಕಾಸರಗೋಡಿನವರಾದ ನಮಗೆ ಈ ವಾದ ಹೊಸದಲ್ಲ. 1999ರಲ್ಲೇ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದ ಧೂಮಪಾನ ಕಾನೂನುಬಾಹಿರ ಎಂದಿತ್ತು. ಪರರ ಹೊಗೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಧಕ್ಕೆ ಎಂಬುದು ಕಾರಣ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು 2003ರಲ್ಲಿ. ದಂಡ 200 ರೂಪಾಯಿವರೆಗೆ (ಈ ಕಾಲಕ್ಕೆ ಅದೊಂದು ದಂಡವೇ?), ಶಾಲೆಯಿಂದ 100 ಗಜದೊಳಗೆ ಮಾರಾಟವಿಲ್ಲ.

ಪೂರ್ತಿ ನಿಷೇಧ ಬೇಡ ಅನ್ನಲು ಒಂದು ಕಾರಣವಿದೆ: ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಅಮ್ಮಂದಿರು ನಮ್ಮೂರ ಕಡೆ ಬೇಕಾದಷ್ಟಿದ್ದಾರೆ. ಮೊದಲು ಅವರಿಗೆ ಬೇರೆ ಕೆಲಸ ತೋರಿಸಲಿ.