ಮಗು ಗೀಚಿದ್ದನ್ನು ತಿದ್ದಬೇಡಿ

ಪ್ರಶ್ನೆ: ದಾವಣಗೆರೆಯಲ್ಲಿ ಚಿತ್ರಕಲೆ ಓದಿ, ಈಗ ಚಿತ್ರದುರ್ಗದ ಒಂದು ಅಂಗನವಾಡಿಗೆ ವಾರಕ್ಕೆರಡು ದಿನ ಹೋಗುತ್ತೇನೆ. ಮಕ್ಕಳು ಎರಡು ನಿಮಿಷ ಗೀಚಿ ಎದ್ದು ಓಡುತ್ತಾರೆ. ಮನೆ, ತೆಂಗಿನಮರ ಬರೆಯೋದು ಕಲಿಸಿ ಅಂತ ತಾಯಂದಿರು ಕೇಳುತ್ತಾರೆ. ಏನು ಮಾಡಲಿ?
- ಓದುಗಿ, ಚಿತ್ರದುರ್ಗ

ಉತ್ತರ: ತೆಂಗಿನಮರ ಈಗಲೇ ಬೇಡ ತಂಗಿ. ಮೂರು ವರ್ಷದ ಮಗು ಭುಜದಿಂದ ಇಡೀ ಕೈ ಬೀಸಿ ಗೆರೆ ಎಳೆಯುತ್ತೆ, ಅದಕ್ಕೆ ನೋಟ್‌ಬುಕ್ಕಿನ ಹಾಳೆ ಎಲ್ಲಿ ಸಾಲುತ್ತೆ, ಹಳೇ ಕ್ಯಾಲೆಂಡರ್ ಹಾಳೆಗಳನ್ನ ತಿರುವಿ ನೆಲಕ್ಕೆ ಅಂಟಿಸಿ, ದಪ್ಪ ಇದ್ದಿಲ ತುಂಡು ಕೊಟ್ಟು ನೋಡಿ. ಓಡಿದರೆ ಓಡಲಿ, ಮತ್ತೆ ಬರುತ್ತಾರೆ.

ಇಟಲಿಯ ರೆಜಿಯೊ ಎಮಿಲಿಯಾದಲ್ಲಿ ನಗರಸಭೆ 1963ರಿಂದ ಶಿಶುಶಾಲೆ ನಡೆಸುತ್ತಿದೆ. ಆ ಶಾಲೆಗಳನ್ನ ರೂಪಿಸಿದ ಶಿಕ್ಷಣತಜ್ಞ ಲೊರಿಸ್ ಮಲಗುಜ್ಜಿ ಅಲ್ಲಿಗೆ ಕಲಾವಿದರನ್ನೇ ಕರೆತಂದರು. ಡ್ರಾಯಿಂಗ್ ಪಾಠ ಮಾಡೋಕಲ್ಲ, ಮಕ್ಕಳ ಜೊತೆ ಕೂತು ಕೆಲಸ ಮಾಡೋಕೆ.

ನೀವೂ ಸುಮ್ನೆ ಪಕ್ಕದಲ್ಲಿ ಕೂತು ಜೇಡಿಮಣ್ಣು ಕಲಸಿ. ನಾನು ಹಾಗೆ ಕೂತಿದ್ದಾಗ ಒಬ್ಬ ಪುಟ್ಟಿ ಮಣ್ಣಿನ ಉಂಡೆಗೆ ಹೆಬ್ಬೆರಳು ಒತ್ತಿ, ಆ ಗುಂಡಿಗೆ ಎರಡು ಹನಿ ನೀರು ಬಿಟ್ಟು, 'ಕೋಟೆ ಮೇಲಿನ ಅಕ್ಕ-ತಂಗಿ ಹೊಂಡ' ಅಂದಳು! ನಾನು ಹೇಳಿಕೊಟ್ಟಿದ್ದರೆ ಅದು ಬರುತ್ತಿತ್ತಾ?

ತಾಯಂದಿರಿಗೆ ಒಂದು ಉಪಾಯ. ಮಗು ಗೀಚುತ್ತಾ ಏನಂತು ಅನ್ನೋದನ್ನ ಅದೇ ಹಾಳೆಯ ಕೆಳಗೆ ತಾರೀಖಿನ ಜೊತೆ ಬರೆದು ಬಾಗಿಲ ಹತ್ತಿರ ತೂಗುಹಾಕಿ. ಕರೆದುಕೊಂಡು ಹೋಗಲು ಬಂದಾಗ ನಿಂತು ಓದುತ್ತಾರೆ.